ಮಾವನ ಕಾಲು, ಅತ್ತೆಯ ಮುಡಿಪು

ಕೌದಳ್ಳಿ ದಾಟಿ ಕಾಡು ಶುರುವಾದ ಮೇಲೆ ಫೋನು ಸಿಗುವುದಿಲ್ಲ ಎಂದು ಯಾರೋ ಹೇಳಿದ್ದರು. ಯಾರು ಹೇಳಿದರೋ, ಎಷ್ಟು ನಿಜವೋ. ಬೆಳಗಿನಿಂದ ಅದೊಂದೇ ಮಾತು ತಲೆಯಲ್ಲಿ ಕೂತಿದೆ. ಅತ್ತೆ ನಿನ್ನೆ ಹನೂರಿನಲ್ಲಿ ತಂಗಿದ್ದರು. ಬೆಳಕು ಹರಿಯುವ ಮೊದಲೇ ಹೊರಟಿದ್ದರೆ ಇಷ್ಟು ಹೊತ್ತಿಗೆ ಕೌದಳ್ಳಿಯ ಹತ್ತಿರ ಇರಬೇಕು. ಬಿಸಿಲಿಗೆ ಎಲ್ಲಾದರೂ ಮರದ ಕೆಳಗೆ ಕೂತಿರುತ್ತಾರೆ. ಕೂರದೆ ನಡೆದುಬಿಟ್ಟಿದ್ದರೆ? ಸಂಜೆಗೆ ತಾಳಬೆಟ್ಟ, ನಾಳೆ ಮಹದೇಶ್ವರ ಬೆಟ್ಟ. ಅವರ ಸೊಂಟದಲ್ಲಿ ಸಿಕ್ಕಿಸಿಕೊಂಡಿರುವ ಹಳದಿ ಬಟ್ಟೆಯ ಗಂಟು ಒಮ್ಮೆ ಹುಂಡಿಗೆ ಬಿದ್ದರೆ ಮುಗಿಯಿತು. ದೇವರಿಗೆ ಹಾಕಿದ್ದನ್ನು ವಾಪಸು ಕೇಳುವವರು ಯಾರು?

ಆ ಗಂಟು ನಮ್ಮ ಮನೆಯ ಮುಡಿಪು. ಹರಕೆ ಹೊತ್ತು ದೇವರ ಹೆಸರಿನಲ್ಲಿ ಕಟ್ಟಿಟ್ಟದ್ದು. ಬೆಟ್ಟಕ್ಕೆ ಒಪ್ಪಿಸುವ ತನಕ ಅದನ್ನು ಬಿಚ್ಚುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಅದು ದೇವರ ಗೂಡಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಒಳಗೆ ಒಂದು ರೂಪಾಯಿ ನಾಣ್ಯವೂ ಒಂದು ಕಾಗದವೂ ಇವೆ. ಕಾಗದ ಅದರೊಳಗಿದೆ ಎಂದು ಅತ್ತೆಗೆ ಗೊತ್ತು, ಏನು ಬರೆದಿದೆ ಎಂದು ಗೊತ್ತಿಲ್ಲ. ಏನು ಬರೆದಿದೆ ಎಂದು ಮಾವನಿಗೆ ಗೊತ್ತಿತ್ತು, ಅದು ಅಲ್ಲಿದೆ ಎಂದು ಮೊನ್ನೆಯವರೆಗೂ ಗೊತ್ತಿರಲಿಲ್ಲ. ಎರಡೂ ಸಂಗತಿ ಒಟ್ಟಿಗೆ ಬಂದು ಸೇರಿದ್ದು ನನ್ನ ಹತ್ತಿರ. ಬರಬಾರದಿತ್ತು ಎಂದು ಮೂರು ದಿನದಿಂದ ಅನ್ನಿಸುತ್ತಿದೆ.

ಮಾವನ ಹೆಸರು ಪುಟ್ಟಮಲ್ಲಪ್ಪ. ಧನಗೆರೆಯಲ್ಲಿ ಹಾಗೆ ಕೇಳಿದರೆ ಯಾವ ಪುಟ್ಟಮಲ್ಲಪ್ಪ ಎನ್ನುತ್ತಾರೆ. ಮಿಲ್ಟ್ರಿ ಪುಟ್ಟಮಲ್ಲಣ್ಣ ಎಂದರೆ ಮನೆಯ ಬಾಗಿಲವರೆಗೂ ತಂದುಬಿಡುತ್ತಾರೆ. ನಾನು ಮೈಸೂರಿನಲ್ಲಿ ಹುಟ್ಟಿ ಬೆಳೆದವಳು. ಬಸವೇಶನನ್ನು ಮದುವೆಯಾಗಿ ಈ ಮನೆಗೆ ಬಂದಾಗ ನಾನು ಮೊದಲು ಗಮನಿಸಿದ್ದು ಹೊರಬಾಗಿಲ ಪಕ್ಕ ಸಾಲಾಗಿಟ್ಟ ಚಪ್ಪಲಿಗಳ ಕೊನೆಯಲ್ಲಿದ್ದ ಒಂದು ಜೊತೆ ಕಪ್ಪು ಶೂ. ದಿನವೂ ಪಾಲಿಶ್ ಆಗುತ್ತಿತ್ತು. ಬಲಗಾಲಿನದರ ಮೂತಿಯೊಳಗೆ ಏನೋ ತುಂಬಿತ್ತು. ಇಲಿ ಗೂಡು ಕಟ್ಟಿದೆ ಎಂದು ತಿಳಿದು ನಾನು ಅದನ್ನು ಕಿತ್ತು ಹೊರಗೆ ಎಸೆದೆ. ಮಾರನೆಯ ಬೆಳಗ್ಗೆ ಮಾವ ಶೂ ಹಾಕಿಕೊಂಡು ಎದ್ದು ನಿಂತವರು ಮುಗ್ಗರಿಸಿ ಗೋಡೆ ಹಿಡಿದುಕೊಂಡರು.

"ಯಾರವ್ವ ನನ್ ಬೆರಳ್ನ ಕಿತ್ತಾಕಿದೋರು?" ಎಂದರು, ನಗುತ್ತಲೇ.

ಆ ಕಾಲಿಗೆ ಹೆಬ್ಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ಸೈನ್ಯದಿಂದ ಬಂದ ಮೇಲೆ ಮಾವ ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿನಲ್ಲಿ ಕಾವಲು ಕೆಲಸ ಹಿಡಿದಿದ್ದರು. ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಸಿಕ್ಕನ್ನು ಅಲ್ಲಿನವರಿಂದ ಕೇಳಿ ತಂದು ಒಣಗಿಸಿ ಶೂವಿನೊಳಗೆ ತುಂಬಿಕೊಳ್ಳುತ್ತಿದ್ದರು. ಹತ್ತಿಯಾದರೆ ಬೆವರಿಗೆ ಗಟ್ಟಿಯಾಗುತ್ತದಂತೆ, ರೇಷ್ಮೆ ಆಗುವುದಿಲ್ಲ. ನಾನು ಎಸೆದದ್ದು ಅದನ್ನು. ಆಮೇಲೆ ಎಷ್ಟೋ ದಿನ ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಅವರಿಗೆ ಅದು ತಮಾಷೆಯ ಮಾತಾಗಿಬಿಟ್ಟಿತು. ಬಂದವರ ಮುಂದೆಲ್ಲ, "ನಮ್ಮ ಸೊಸೆ ಬಂದ್ ಎಂಟೇ ದಿನಕ್ಕೆ ನನ್ ಬೆರಳ ಎತ್ತಿ ತಿಪ್ಪೆಗೆ ಎಸುದ್ಲು ಕಣ್ರಿ" ಎನ್ನುವರು.

ನನ್ನ ಮಗಳು ಇಂಚರ ಮಾತು ಕಲಿತ ಮೇಲೆ ಅವಳೂ ಕೇಳಿದಳು. ತಾತನ ಕಾಲು ಮುಟ್ಟಿ, "ಇಲ್ಲಿದ್ದಿದ್ದು ಎಲ್ಲಿ?"

"ಒಂದ್ನ ಇಮ ತಿಂತು ಕಣವ್ವ."

"ಇನ್ನೊಂದು?"

"ಅದ್ನೂ ಇಮನೇ ತಿಂತು. ಒಟ್ಟೆ ಬಾಕ ಅದು."

ಅಷ್ಟೇ. ಹಿಮದ ವಿಷಯ ಅದಕ್ಕಿಂತ ಹೆಚ್ಚು ಅವರು ಮನೆಯಲ್ಲಿ ಯಾರ ಮುಂದೆಯೂ ಹೇಳಿದವರಲ್ಲ. ತಮಾಷೆಯದನ್ನು ಮಾತ್ರ ಹೇಳುತ್ತಿದ್ದರು. ಅತ್ತೆ ಕಟ್ಟಿ ಕಳಿಸಿದ್ದ ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗಿ, ಡೇರೆಯ ಗೂಟದಲ್ಲಿ ಕುಟ್ಟಿ ಚೂರು ಮಾಡಿ, ಬೆಲ್ಲದ ಹಾಗೆ ಬಾಯಿಗೆ ಹಾಕಿಕೊಂಡಿದ್ದು. ನಾಲ್ಕು ಗಂಟೆ ಬೇಯಿಸಿದರೂ ಬೇಯದ ಅಕ್ಕಿಗೆ ಜೊತೆಯವನೊಬ್ಬ ತಮಿಳಿನಲ್ಲಿ ಬೈದಿದ್ದು.

ಅವರ ಬದುಕನ್ನು ಅವರ ಕಾಲಿನಿಂದಲೇ ಹೇಳಬಹುದು. ಹತ್ತೊಂಬತ್ತು ವರ್ಷದವರೆಗೆ ಆ ಕಾಲು ಚಪ್ಪಲಿ ಕಂಡಿರಲಿಲ್ಲ. ಗದ್ದೆಯ ಬದುವಿನ ಮೇಲೆ ನಡೆದ ಕಾಲು. ಸೈನ್ಯಕ್ಕೆ ಆರಿಸುವಾಗ ಎಲ್ಲರ ಅಂಗಾಲು ಒದ್ದೆ ಮಾಡಿಸಿ, ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಹೆಜ್ಜೆಯ ಗುರುತು ನೋಡಿದರಂತೆ. ಪಾದ ಚಪ್ಪಟೆಯಿದ್ದವರನ್ನು ಅಲ್ಲಿಂದಲೇ ಮನೆಗೆ ಕಳಿಸಿದರು. ಮಾವನ ಹೆಜ್ಜೆ ನೋಡಿದ ಡಾಕ್ಟರು ತಮ್ಮ ಪಕ್ಕದವರನ್ನೂ ಕರೆದು ತೋರಿಸಿದರಂತೆ. ಅದನ್ನು ಹೇಳುವಾಗ ಮಾತ್ರ ಮಾವನ ದನಿಯಲ್ಲಿ ಸ್ವಲ್ಪ ಜಂಬ ಇರುತ್ತಿತ್ತು. ಮೊದಲ ರಜೆಗೆ ಬೂಟು ಹಾಕಿಕೊಂಡು ಬಂದರೆ ಅವರ ತಾಯಿ ಹೊಸ್ತಿಲಲ್ಲೇ ತಡೆದು, "ಆ ತೊಗಲ್ನ ಒಳೀಕೆ ತರಬ್ಯಾಡ, ಕಾಲ ಮಾತ್ರ ತಕಂಡು ಬಾ" ಎಂದರಂತೆ.

ಹದಿನೇಳು ವರ್ಷ ಸೇವೆ. ಹವಾಲ್ದಾರ ಆಗಿ ಮನೆಗೆ ಬಂದರು. ಬರುವಾಗ ಕಾಲಿನ ಬಗ್ಗೆ ವೈದ್ಯಕೀಯ ಮಂಡಳಿ ಒಂದು ಸಾಲು ಬರೆದುಕೊಟ್ಟಿತು. ಆ ಸಾಲಿನ ಮೇಲೆ ಅವರು ಎರಡು ಮೇಲ್ಮನವಿ ಹಾಕಿದರು. ಎರಡಕ್ಕೂ ಅದೇ ಸಾಲು ತಿರುಗಿ ಬಂತು.

ಆ ಕಾಗದಗಳನ್ನು ನಾನು ಓದಿದ್ದು ಹೋದ ವರ್ಷ. ಎಲ್ಲ ಇಂಗ್ಲಿಷು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದರ ಮೇಲೆ ಟವೆಲು ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಎದುರು ಕುಕ್ಕರಗಾಲಿನಲ್ಲಿ ಕೂರಲು ಆಗದೆ ಸ್ಟೂಲಿನ ಮೇಲೆ ಕೂತು, "ಆ ಅಡಿಗೆರೆ ಎಳ್ದಿರದ್ನ ಕನ್ನಡದಲ್ಲಿ ಯೋಳವ್ವ" ಎಂದರು.

ನಾನು ಹೇಳಿದೆ. ಈ ಅಂಗವೈಕಲ್ಯ ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ರಜೆಯಲ್ಲಿದ್ದಾಗ ಬರಿಗಾಲಿನಲ್ಲಿ ತೀರ್ಥಯಾತ್ರೆ ಮಾಡಿ ಆದ ಗಾಯ.

ಮಾವ ಆ ಟವೆಲನ್ನು ಮಡಚಿ ಮತ್ತೆ ಬಿಚ್ಚಿದರು. ಆಮೇಲೆ, "ಅಂಗಂದ್ರೆ ನಾನು ಅಲ್ಲಿ ಇರ್ಲೇ ಇಲ್ಲ ಅಂತಾನ?" ಎಂದರು.

ದುಡ್ಡಿಗೆ ಅವರು ಆಸೆಪಟ್ಟವರಲ್ಲ. ಬಂದರೆ ಬೇಡ ಎನ್ನುತ್ತಲೂ ಇರಲಿಲ್ಲ, ಅದು ಬೇರೆ. ಆ ಸಾಲು ಹೋಗಬೇಕಿತ್ತು. ಆ ಎತ್ತರದಲ್ಲಿ ತಾನು ನಿಂತಿದ್ದೆ, ಕಾಲು ಅಲ್ಲಿ ಹೋಯಿತು ಎಂದು ಒಂದು ಸರ್ಕಾರಿ ಕಾಗದ ಒಪ್ಪಬೇಕಿತ್ತು.

ಯಳಂದೂರಿನಲ್ಲಿ ಮುತ್ತಯ್ಯ ಎಂದು ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಸುತ್ತಲಿನ ಮಾಜಿ ಸೈನಿಕರ ಅರ್ಜಿ, ಮೇಲ್ಮನವಿಗಳಿಗೆಲ್ಲ ಅವರೇ ದಾರಿ ತೋರಿಸುವುದು. ಬೆಂಗಳೂರಿನ ನ್ಯಾಯಮಂಡಳಿಗೆ ಹೋಗೋಣ ಎಂದು ಹೇಳಿ ವಕೀಲರನ್ನು ಗೊತ್ತು ಮಾಡಿಕೊಟ್ಟವರು ಅವರು. ಈ ಸಂಕ್ರಾಂತಿಗೆ ಸ್ವಲ್ಪ ಮುಂಚೆ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಫೈಲು ಹಿಡಿದು, ನಾನೂ ಮಾವನೂ ಬಸ್ಸಿನಲ್ಲಿ ಅವರ ಮನೆಗೆ ಹೋದೆವು. ಅವರು ಒಂದೊಂದೇ ಹಾಳೆ ತಿರುವಿ ನೋಡಿ ಕನ್ನಡಕ ತೆಗೆದರು.

"ಲೇ ಪುಟ್ಟಮಲ್ಲ, ಡಾಕ್ಟ್ರು ಕೇಳ್ದಾಗ ಬೆಟ್ಟಕ್ಕೆ ನಡ್ದೆ ಅಂತ ನೀನೇ ಬರ್ಸಿದ್ದೀಯಲ್ಲೋ. ಯಾವನಾರ ಇಂಗ್ ಬರಸ್ತಾನ?"

"ನಡ್ದಿದ್ದೆ ಸಾ, ಅದ್ಕೇ ಬರ್ಸಿದ್ದು."

"ನಡ್ದಿದ್ದು ನಿಜ. ಅದ್ಕೂ ಮುಂಚೆ ಹಿಮದಲ್ಲಿ ಸತ್ತಿತ್ತಲ್ಲ ಕಾಲು, ಅದ್ನ ಯಾಕೆ ಬರಸ್ಲಿಲ್ಲ?"

ಮಾವ ನೆಲ ನೋಡಿಕೊಂಡೇ ಕಾರಣ ಹೇಳಿದರು. ಹಿಮದ ಮೇಲಿನ ಕಾವಲು ಠಾಣೆಯಲ್ಲಿ ಆರೇ ಜನ ಇದ್ದರಂತೆ. ಕಾಲು ಮರಗಟ್ಟಿದೆ ಎಂದು ಪುಸ್ತಕಕ್ಕೆ ಏರಿಸಿದರೆ ಕೆಳಗೆ ಕಳಿಸುತ್ತಾರೆ. ಉಳಿದ ಐದು ಜನ ಇವರ ಪಾಳಿಯನ್ನೂ ಹೊರಬೇಕು. ಹಾಗಾಗಿ ಶುಶ್ರೂಷೆಯ ಹುಡುಗ ಬಿಸಿನೀರಿನಲ್ಲಿ ಕಾಲು ಅದ್ದಿಸಿ, ಉಣ್ಣೆ ಸುತ್ತಿ, ಬಾಯಿ ಮುಚ್ಚಿಕೊಂಡಿದ್ದ. ಎಲ್ಲಿಯೂ ಬರೆದಿರಲಿಲ್ಲ.

ಮುತ್ತಯ್ಯ ನನ್ನ ಕಡೆ ತಿರುಗಿದರು. "ನೋಡಮ್ಮ, ಸೇರ್ಕಂಡಾಗ ಕಾಲು ಸರಿ ಇತ್ತು ಅಂತ ಅವರದ್ದೇ ದಾಖಲೆ ಇದೆ, ಅದು ನಮ್ ಕಡೆ. ಆದ್ರೆ ಇವ್ನು ಬಾಯ್ ಬಿಟ್ಟು ಬರ್ಸಿರೋದು ನಮ್ ಕತ್ತಿಗೆ ಬಂದದೆ. ಇವ್ನು ಬೆಟ್ಟಕ್ಕೆ ನಡ್ದ ಶಿವರಾತ್ರಿಗಿಂತ ಮುಂಚಿನ ತಾರೀಖಿರೋ ಒಂದು ಚೂರು ಕಾಗ್ದ ಬೇಕು. ಕಾಲು ಕೆಟ್ಟದೆ ಅಂತ ಅದ್ರಲ್ಲಿ ಇರ್ಬೇಕು. ಮನೆಗೆ ಬರ್ದ ಪತ್ರ ಆದ್ರೂ ಸರಿ, ಫೀಲ್ಡ್ ಪೋಸ್ಟಾಫೀಸಿನ ಮೊಹರು ಇರ್ತದಲ್ಲ. ಇಲ್ಲಾಂದ್ರೆ ಯುಗಾದಿ ಹೊತ್ಗೆ ಕೇಸು ಮುಚ್ತಾರೆ."

"ಅಂತಾದ್ದು ಯಾವ್ದೂ ಇಲ್ಲ ಸಾ," ಎಂದರು ಮಾವ. ಕೇಳಿ ಮುಗಿಯುವ ಮೊದಲೇ ಎಂದರು. ಆಗ ನನಗೆ ಅದು ವಿಚಿತ್ರ ಅನ್ನಿಸಿತು. ಕಾರಣ ತಿಳಿದದ್ದು ಮೊನ್ನೆ.

ಮನೆಗೆ ಬಂದು ನಾನು ಅತ್ತೆಯನ್ನು ಕೇಳಿದೆ. ಅತ್ತೆಯ ಹೆಸರು ಶಿವನಂಜಮ್ಮ. ಮಾತು ಜೋರು, ಕೈ ಅದಕ್ಕಿಂತ ಜೋರು. ನನ್ನ ಮಗುವಿಗೆ ಸ್ವಲ್ಪ ಮೈ ಬಿಸಿಯಾದರೆ ನಾನು ಥರ್ಮಾಮೀಟರ್ ಹುಡುಕುವಷ್ಟರಲ್ಲಿ ಅವರು ಹಣೆಗೆ ಒದ್ದೆ ಬಟ್ಟೆ ಹಾಕಿ ಮುಗಿಸಿರುತ್ತಾರೆ. ಅವರು ಮಾವನ ಪತ್ರಗಳನ್ನೆಲ್ಲ ತಗಡಿನ ಡಬ್ಬದಲ್ಲಿ ಇಟ್ಟಿದ್ದರು. ಆ ಚಳಿಗಾಲದ್ದು ಮಾತ್ರ ಇರಲಿಲ್ಲ.

"ಅದಾ? ಅದು ಮುಡಿಪ್ನಲ್ಲಿ ಅದೆ," ಎಂದರು, ರಾಗಿ ಕೇರುತ್ತಲೇ.

ಅವರು ಹೇಳಿದ್ದು ಇಷ್ಟು. ಮಾವ ಹಿಮಕ್ಕೆ ಹೋದ ವರ್ಷ ಅತ್ತೆ ಹರಕೆ ಹೊತ್ತರು. ಜೀವ ಉಳಿಸಿ ಕೆಳಗೆ ಇಳಿಸು ಮಾದಪ್ಪ, ಶಿವರಾತ್ರಿಗೆ ಅವರನ್ನು ಮನೆಯಿಂದ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಸಿಕೊಂಡು ಬರುತ್ತೇನೆ. ಅತ್ತೆಗೆ ಆಗ ಅಕ್ಷರ ಬರುತ್ತಿರಲಿಲ್ಲ. ಪಕ್ಕದ ಮನೆಯ ಶಿವರತ್ನಮ್ಮನ ಕೈಲಿ ಹರಕೆಯ ವಿಷಯ ಮಾವನಿಗೆ ಬರೆಸಿದರು. ಓದಿ ಹೇಳುವುದೂ ಬರೆಯುವುದೂ ಅವರೇ. ಆಮೇಲೆ ಶಿವರತ್ನಮ್ಮ ಹೆರಿಗೆಗೆ ತವರಿಗೆ ಹೋದರು. ಅವರಿಲ್ಲದಾಗ ಮಾವನ ಉತ್ತರ ಬಂತು. ಬಂದದ್ದು ಸೋಮವಾರ, ಮಾದಪ್ಪನ ವಾರ. ದೂರ ಇರುವವರ ಹೆಸರಿನಲ್ಲಿ ಮುಡಿಪು ಕಟ್ಟಿದರೆ ಅವರ ಕೈ ಸೋಂಕಿದ ಒಂದು ವಸ್ತು ಗಂಟಿನಲ್ಲಿ ಇರಬೇಕು ಎನ್ನುವುದು ಈ ಮನೆಯ ಹಿಂದಿನಿಂದ ಬಂದ ಪದ್ಧತಿ. ಮಾರನೆಯ ದಿನವೇ ಅಂಗಡಿಯ ಫೋನಿಗೆ ಮಾವ ಮಾತಾಡಿ, ರಜೆ ಸಿಕ್ಕಿದೆ, ಹೊರಟೆ ಎಂದರು.

"ಮನ್ಸನೇ ಬತ್ತಾವ್ನೆ, ಇನ್ನು ಕಾಗ್ದ ಓದ್ಸಿ ಏನಾಗ್ಬೇಕು ಅಂದ್ಕಂಡೆ. ಒಡೀನೂ ಇಲ್ಲ, ಅಂಗೇ ಗಂಟಿಗೆ ಆಕ್ದೆ."

"ಆಮೇಲೂ ಓದಿಸಲಿಲ್ವಾ ಅತ್ತೆ?"

"ಮುಡಿಪು ಬಿಚ್ಚದಾ? ಮಗು ಇರೋ ಮನೇಲಿ? ನೀನು ಓದ್ದೋಳು, ನಿಂಗೆ ಭಯ ಇಲ್ಲ. ನಂಗದೆ."

ನನಗೆ ಭಯ ಇಲ್ಲವೆಂದು ಯಾರು ಹೇಳಿದರು? ಆ ವಾರವೇ ಇಂಚರಳಿಗೆ ಜ್ವರ ಬಂತು. ಓದಿದವಳು ನಾನು, ಮೊಳೆಯ ಕಡೆ ತಲೆಯೆತ್ತಿ ನೋಡದೆ ಎರಡು ದಿನ ಓಡಾಡಿದೆ.

ಹರಕೆ ತೀರಲಿಲ್ಲ, ಅದೇ ಕಷ್ಟ. ಆ ಶಿವರಾತ್ರಿಗೆ ಮಾವ ಬರಿಗಾಲಲ್ಲಿ ನಡೆದರು. ನೋವೇ ಇಲ್ಲದ ಹಾಗೆ, ಎಲ್ಲರಿಗಿಂತ ಮುಂದೆ, ಮಾದಪ್ಪನ ಪದ ಹಾಡಿಕೊಂಡು ನಡೆದರಂತೆ. ಕೌದಳ್ಳಿಯ ಹತ್ತಿರ ಹಿಂದೆ ಬರುತ್ತಿದ್ದವರು ರಸ್ತೆಯ ಮೇಲಿನ ರಕ್ತ ನೋಡಿ ಯಾರದ್ದು ಎಂದು ಹುಡುಕಿದರು. ಮಾವನ ಅಂಗಾಲಿನಲ್ಲಿ ಬೆರಳುದ್ದದ ಗಾಜಿನ ಚೂರು ಇತ್ತು. ಯಾವಾಗ ಹೊಕ್ಕಿತೋ ಅವರಿಗೇ ತಿಳಿದಿರಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ವಾಪಸು ತಂದರು. ರಜೆ ಮುಗಿಸಿ ಹೋದ ಮೇಲೆ ಸೈನ್ಯದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮುಡಿಪು ಬೆಟ್ಟ ಸೇರದೆ ಮೊಳೆಗೆ ಮರಳಿತು.

ಅಂದಿನಿಂದ ಆ ಕಾಲಿನ ಹುಣ್ಣು ಮಾಯುವುದು, ಒಡೆಯುವುದು. ಅತ್ತೆಯ ಲೆಕ್ಕದಲ್ಲಿ ಅದಕ್ಕೆ ಒಂದೇ ಕಾರಣ. ಕೌದಳ್ಳಿಯಲ್ಲಿ ನಿಂತ ಹರಕೆ.

ಈ ಸಂಕ್ರಾಂತಿ ಕಳೆದ ಮೇಲೆ ಹುಣ್ಣು ಕಪ್ಪಾಯಿತು. ಕಾಮಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರು ಹತ್ತು ದಿನ ಬಹಳ ಪ್ರಯತ್ನ ಮಾಡಿದರು. ಆಮೇಲೆ ಬಸವೇಶನನ್ನೂ ನನ್ನನ್ನೂ ಹೊರಗೆ ಕರೆದು, ಮೂಳೆಗೆ ಇಳಿದಿದೆ, ಶಿವರಾತ್ರಿ ಕಳೆದ ಮಂಗಳವಾರ ಮೈಸೂರಿಗೆ ಕರೆದುಕೊಂಡು ಹೋಗಿ, ಪಾದ ಉಳಿಯುವುದಿಲ್ಲ ಎಂದರು. ಗೋಡೆಗೆ ಒರಗಿ ನಿಂತಿದ್ದ ಅತ್ತೆ ಕೇಳಿಸಿಕೊಂಡರು. ಅಳಲಿಲ್ಲ. ಮನೆಗೆ ಬಂದು ಮೊಳೆಯಿಂದ ಗಂಟು ಇಳಿಸಿ ಅರಿಸಿನದ ನೀರು ಚಿಮುಕಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅವರು ಬುಟ್ಟಿದ್ದ ದಾರೀನ ನಾನ್ ನಡೀತೀನಿ. ಮಂಗ್ಳಾರದೊಳ್ಗೆ ಒಪ್ಪಿಸ್ಬುಟ್ರೆ ಮಾದಪ್ಪ ಕಾಲ ಬುಡ್ತಾನೆ."

ಅವರು ಹೊರಟ ದಿನ ನಾನು ಆಸ್ಪತ್ರೆಯಲ್ಲಿ ಮಾವನ ಹತ್ತಿರ ಇದ್ದೆ. ಬಸವೇಶ ಕೆಲಸದಿಂದ ಬಂದಿರಲಿಲ್ಲ. ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿರಲು ಬರುವುದಿಲ್ಲ, ಆತಂಕವಾದರೆ ಬಾಯಿಗೆ ಬಂದದ್ದನ್ನು ಆಡಿಬಿಡುತ್ತೇನೆ.

"ಮಾವ, ಆ ಚಳಿಗಾಲದಲ್ಲಿ ನೀವು ಬರೆದ ಪತ್ರ ಇದೆಯಂತೆ. ಅತ್ತೆ ಅದನ್ನು ಒಡೆದೇ ಇಲ್ಲವಂತೆ. ಹಾಗೇ ಮುಡಿಪಿಗೆ ಕಟ್ಟಿದ್ದಾರೆ."

ಮಾವ ಕಿತ್ತಳೆ ಸುಲಿಯುತ್ತಿದ್ದರು. ಕೈ ನಿಂತಿತು.

"ಒಡ್ದಿಲ್ವಾ?"

"ಇಲ್ಲವಂತೆ."

"ಸಿವರತ್ನಿ ಓದಿ ಯೋಳ್ಳಿಲ್ವಾ?"

"ಅವರು ಊರಲ್ಲೇ ಇರಲಿಲ್ಲವಂತೆ ಮಾವ."

ಅವರ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಮೊದಲು ನಕ್ಕರು ಅಂದುಕೊಂಡೆ. ಆಮೇಲೆ ನೋಡಿದರೆ ಕಿತ್ತಳೆಯ ತೊಳೆಗಳೆಲ್ಲ ಮಡಿಲಿಗೆ ಬಿದ್ದಿದ್ದವು.

"ಬರ್ದಿದ್ದೆ ಕಣವ್ವ," ಎಂದರು. "ಎಲ್ಲಾನೂ ಬರ್ದಿದ್ದೆ. ಕಾಲು ಮರಗಟ್ಟದೆ, ಎಲ್ಡು ಬೆಳ್ಳಲ್ಲಿ ಜೀವ ಇಲ್ಲ, ಸೂಜೀಲಿ ಚುಚ್ಚುದ್ರೂ ತಿಳಿಯಲ್ಲ. ಈ ಸಲ ನಡ್ಸಬ್ಯಾಡ, ಬಸ್ಸಲ್ಲಿ ಓಗಿ ಕೈ ಮುಗ್ದು ಬರಾವ, ಮುಂದಲ ವರ್ಸ ನಡ್ದೇ ತೀರ್ಸೀನಿ ಅಂತ. ಮನೆಗೆ ಬಂದೋನು ಕಾಗ್ದ ಬಂತಾ ಅಂದೆ. ಬಂತು, ದೇವ್ರತಾವ ಮಡಗಿವ್ನಿ ಅಂದ್ಲು. ನಾಳಿದ್ದು ಒರಡದು ಅಂದ್ಲು."

ಬಿದ್ದ ತೊಳೆಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕಿದರು.

"ಎಲ್ಲಾ ಗೊತ್ತಿದ್ದೂ ನಡೀರಿ ಅಂತಾಳಲ್ಲ ಅನ್ನಿಸ್ತು. ದೇವ್ರ ಮ್ಯಾಲೆ ಅಷ್ಟೊಂದು ನಂಬ್ಕೆ ಇದ್ರೆ ನಾನ್ಯಾಕೆ ಅಡ್ಡ ಬರ್ಲಿ ಅಂತ ನಡ್ದೆ. ಇಪ್ಪತ್ತೆರಡ್ ವರ್ಸ ಕಣವ್ವ. ಒಂದಿನಾನೂ ಕೇಳ್ಲಿಲ್ಲ. ಯಾಕಮ್ಮಿ ನಡ್ಸುದೆ ಅಂತ ಒಂದಿನ ಕೇಳಿದ್ರೆ ಮುಗುದೋಗದು. ಕೇಳ್ಲಿಲ್ಲ."

ಎರಡು ಮೇಲ್ಮನವಿಯಲ್ಲೂ ಆ ಪತ್ರದ ಮಾತು ಯಾಕೆ ಬರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಪತ್ರ ತೋರಿಸಿದರೆ, ಗಂಡನ ಕಾಲು ಸತ್ತಿದೆ ಎಂದು ಗೊತ್ತಿದ್ದೂ ನಡೆಸಿದಳು ಎಂದು ಹೆಂಡತಿಯ ಮೇಲೆ ಬರುತ್ತದೆ. ಅದಕ್ಕಿಂತ ಆ ಕೆಟ್ಟ ಸಾಲೇ ಇರಲಿ ಎಂದುಕೊಂಡಿದ್ದರು.

"ಹಾಗಾದರೆ ಈಗ ತೊಂದರೆಯಿಲ್ಲವಲ್ಲ ಮಾವ," ಎಂದೆ, ಅವಸರದಲ್ಲಿ. "ಅತ್ತೆಗೆ ಗೊತ್ತೇ ಇರಲಿಲ್ಲ. ಪತ್ರ ತೆಗೆಯೋಣ. ಮುತ್ತಯ್ಯನವರು ಕೇಳಿದ್ದು ಅದನ್ನೇ."

"ಬ್ಯಾಡ." ದನಿ ಎತ್ತಲಿಲ್ಲ. "ನಾನು ಅವಳ್ನ ತಪ್ಪು ತಿಳ್ಕಂಡಿದ್ದೆ, ಅದು ನನ್ ಪಾಪ. ಇನ್ನು ಅವ್ಳು ತನ್ನ ತಾನೇ ತಪ್ಪು ತಿಳ್ಕಳದು ಬ್ಯಾಡ. ಕಾಗ್ದ ಒಡುದ್ರೆ, ನಾನೇ ನಡ್ಸಿ ಕಾಲ ಕಳುದೆ ಅಂತ ಸಾಯೋಗಂಟ ಅನ್ಕಂಡಿರ್ತಾಳೆ. ಆ ಗಂಟು ಬೆಟ್ಟಕ್ಕೆ ಓಗ್ಲಿ. ಆಣೆ ಆಕು ಅನ್ನಲ್ಲ, ನಿಂಗೆ ಮಗು ಅದೆ. ಸುಮ್ಕೆ ಇರು."

ಮಾರನೆಯ ಬೆಳಗ್ಗೆ ನಡೆಯುವವರ ಗುಂಪು ಕಾಮಗೆರೆಗೆ ಬಂತು. ಆಸ್ಪತ್ರೆ ಅದೇ ದಾರಿಯಲ್ಲೇ. ಅತ್ತೆ ಗುಂಪು ಬಿಟ್ಟು ಒಳಗೆ ಬಂದರು. ಹಿಂದೆ ಶಿವರತ್ನಮ್ಮ. ಅತ್ತೆಯ ಪಾದದಲ್ಲಿ ಅರಿಸಿನ ಹೋಗಿ ಮಣ್ಣು ಹಿಡಿದಿತ್ತು, ಹಿಮ್ಮಡಿ ಆಗಲೇ ಬಿರಿದಿತ್ತು.

"ಮಿಲ್ಟ್ರಿಯೋರು ಮಲಗೇ ಅವ್ರಲ್ಲ," ಎಂದರು ಶಿವರತ್ನಮ್ಮ. "ಎಂಡ್ರು ಕವಾಯತು ಮಾಡ್ತಾವ್ಳೆ."

"ಕಾಲು ಜ್ವಾಪಾನ ಕಣಮ್ಮಿ," ಎಂದರು ಮಾವ.

"ನನ್ ಕಾಲ್ಗೇನು? ನಿಮ್ಮಂಗೆ ಬೂಟ್ನಲ್ಲಿಟ್ಟು ಮೆತ್ಗಾದ ಕಾಲಾ?" ಅತ್ತೆ ಸೊಂಟದಿಂದ ಗಂಟು ತೆಗೆದು, ಬಟ್ಟೆ ಸುತ್ತಿದ್ದ ಮಾವನ ಪಾದಕ್ಕೆ ಮೂರು ಸಲ ಮುಟ್ಟಿಸಿ, ತಮ್ಮ ಕಣ್ಣಿಗೆ ಒತ್ತಿಕೊಂಡರು. "ಕೌದಳ್ಳಿ ದಾಟಿಸ್ಬುಡ್ತೀನಿ ಈ ಸಲ. ನೀವು ಯೋಚ್ನೆ ಮಾಡಬ್ಯಾಡಿ."

ಮಾವನ ಕೈ ಆ ಗಂಟಿನ ಹತ್ತಿರ ಹೋಗಿ, ಅತ್ತೆಯ ಮುಂಗೈ ಹಿಡಿದುಕೊಂಡಿತು. ನಾಲ್ಕು ಜನರ ಎದುರಿಗೆ ಅವರು ಅತ್ತೆಯ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆಗೂ ನಾಚಿಕೆಯಾಯಿತು.

"ಏನಿದು, ಸಿವರತ್ನಿ ನೋಡ್ತಾವ್ಳೆ, ಬುಡಿ."

ಮಾವ ಬಿಟ್ಟರು.

ಅತ್ತೆ ಹೋದ ಮೇಲೆ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆಸ್ಪತ್ರೆಯ ಹೊದಿಕೆಯ ಕೆಳಗೆ ಬೆನ್ನು ಅಲುಗಾಡುತ್ತಿತ್ತು. ನಾನು ನೀರಿನ ಬಾಟಲಿ ತುಂಬಿಸುವ ನೆಪ ಮಾಡಿ ಹೊರಗೆ ಬಂದೆ.

ಇಂದು ಬಸವೇಶ ಅಲ್ಲಿದ್ದಾನೆ, ನಾನು ಮನೆಯಲ್ಲಿ. ಬೆಳಗಿನಿಂದ ಮೂರು ಸಲ ಫೋನು ಮಾಡಿದ್ದಾನೆ. ಮೂರು ಸಲವೂ ಅಪ್ಪ ಕೇಳುತ್ತಾರೆ, ಅವ್ವ ಕೌದಳ್ಳಿ ದಾಟಿದಳಾ ಎಂದು. "ಯಾಕೆ ಅದೊಂದನ್ನೇ ಕೇಳ್ತಾರೆ ಆಶಾ? ಹೆದರಿದ್ದಾರೇನೋ." ಮಾತ್ರೆ ಕೊಟ್ಟೆಯಾ ಎಂದು ನಾನು ಮಾತು ತಿರುಗಿಸಿದೆ. ದಾಟಲಿ ಎಂದು ಕಾಯುತ್ತಿದ್ದಾರೋ, ದಾಟದಿರಲಿ ಎಂದು ಕಾಯುತ್ತಿದ್ದಾರೋ. ಅವರಿಗೇ ಗೊತ್ತಿದೆಯೋ ಇಲ್ಲವೋ.

ನಾನು ಎಷ್ಟು ಸಲ ಲೆಕ್ಕ ಹಾಕಿದರೂ ಒಂದು ಕಡೆ ನಿಲ್ಲುವುದಿಲ್ಲ. ಕಾಗದ ಹುಂಡಿಗೆ ಬಿದ್ದರೆ ಆ ಸಾಲು ಹಾಗೇ ಉಳಿಯುತ್ತದೆ. ಮಾವ ಪಾದ ಕಳೆದುಕೊಂಡು ಮನೆಗೆ ಬರುತ್ತಾರೆ, ಸರ್ಕಾರದ ಪ್ರಕಾರ ಅವರ ಕಾಲಿಗೂ ಹಿಮಕ್ಕೂ ಸಂಬಂಧವೇ ಇಲ್ಲ. ಅತ್ತೆ ಹರಕೆ ಒಪ್ಪಿಸಿ ಬಂದು, ಆಮೇಲೂ ಕಾಲು ಹೋದದ್ದನ್ನು ನೋಡಿ, ತಾನು ಇನ್ನೂ ಮುಂಚೆ ನಡೆಯಬೇಕಿತ್ತು ಎಂದುಕೊಳ್ಳುತ್ತಾರೆ. ಅತ್ತೆ ತಮ್ಮದೇ ತಪ್ಪು ಎಂದುಕೊಳ್ಳುವುದು ಕಾಗದ ಒಡೆದರೂ ಉಂಟು, ಒಡೆಯದಿದ್ದರೂ ಉಂಟು. ಇದನ್ನು ಮಾವನಿಗೆ ಹೇಗೆ ಹೇಳಲಿ? ಆದರೆ ಅತ್ತೆಗೆ ಹೇಳಿ, ಅವರು ಕಾಡಿನ ದಾರಿಯಲ್ಲಿ ಕುಸಿದು ಕೂತರೆ? ಮುಡಿಪು ಬಿಚ್ಚಿಸಿ, ನನ್ನ ಮಗಳಿಗೆ ಏನಾದರೂ ಆದರೆ?

ಇಂಚರ ನೆಲದ ಮೇಲೆ ಬೋರಲು ಬಿದ್ದುಕೊಂಡು ಹಳೆಯ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು. ಕಿತ್ತುಕೊಂಡು ನೋಡಿದರೆ ಅದು ಅತ್ತೆಯದು. ಮೂರು ವರ್ಷದ ಹಿಂದೆ ಮಹಿಳಾ ಸಂಘದ ಹೆಂಗಸರ ಜೊತೆ ಕೂತು ಅತ್ತೆ ಅಕ್ಷರ ಕಲಿತರು. ಈಗ ಬಸ್ಸಿನ ಬೋರ್ಡು ಓದುತ್ತಾರೆ, ಔಷಧಿ ಪೊಟ್ಟಣ ಓದುತ್ತಾರೆ, ಕೂಡಿಸಿ ಕೂಡಿಸಿ, ತುಟಿ ಅಲ್ಲಾಡಿಸಿಕೊಂಡು. ಪುಟದ ತುಂಬ ಒಂದೇ ಸಾಲು ಬರೆದಿದ್ದರು. ಕೆಳಗೆ ಇಳಿದಂತೆ ದುಂಡಗಾಗುತ್ತ ಬಂದಿತ್ತು.

ಶ್ರೀಮತಿ ಶಿವನಂಜಮ್ಮ, ಧನಗೆರೆ.

ಗಂಟಿನೊಳಗಿನ ಕಾಗದದ ಮೇಲೆಯೂ ಇದೇ ಇರಬೇಕು. ಹಿಮದಲ್ಲಿ ಕೂತು, ಕೈ ಮರಗಟ್ಟಿಸಿಕೊಂಡು, ಮಾವ ಬರೆದದ್ದು ಈ ಹೆಸರಿಗೆ. ಅದು ನ್ಯಾಯಮಂಡಳಿಯ ಕಾಗದವಲ್ಲ, ಮುತ್ತಯ್ಯನವರದಲ್ಲ, ನನ್ನದಂತೂ ಅಲ್ಲ. ಇಪ್ಪತ್ತೆರಡು ವರ್ಷವಾಗಿದೆ, ಯಾರಿಗೆ ಬಂತೋ ಅವರಿಗೆ ಇನ್ನೂ ತಲುಪಿಲ್ಲ. ಒಪ್ಪಿಸುವುದೋ, ಬಿಚ್ಚುವುದೋ, ಅವರ ಕೈಲಿರಬೇಕು. ಅದರಲ್ಲಿ ಏನಿದೆ ಎಂದು ಗೊತ್ತಿದ್ದು ಒಪ್ಪಿಸಲಿ.

ಅತ್ತೆಯ ಫೋನು ಮನೆಯಲ್ಲೇ ಇದೆ, ಚಪ್ಪಲಿಯ ಜೊತೆ ಅದನ್ನೂ ಬಿಟ್ಟು ಹೋಗಿದ್ದಾರೆ. ನಾನು ಶಿವರತ್ನಮ್ಮನ ನಂಬರು ಒತ್ತಿದೆ. ಒಮ್ಮೆ ಕತ್ತರಿಸಿದೆ. ಮಗುವಿನ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಮತ್ತೆ ಒತ್ತಿದೆ. ಸಿಗದಿದ್ದರೆ ಸಾಕು ಎಂದು ಒಂದು ಕ್ಷಣ ಅನ್ನಿಸಿತು. ರಿಂಗಾಯಿತು.

"ಯಾರು? ಆಸಾ? ತಡಿ, ಇಲ್ಲೇ ಅವ್ಳೆ. ಕೌದಳ್ಳಿ ಇನ್ನೂ ಸ್ವಲ್ಪ ದೂರ ಅದೆ, ಉಣಿಸೆ ಮರದಡಿ ಕುಂತಿವಿ. ಲೇ ನಂಜಿ, ತಕಾ, ನಿನ್ ಸೊಸೆ."

"ಏನವ್ವ? ಮಗೀಗೆ ಜ್ವರ ಬಂತಾ?"

"ಇಲ್ಲ ಅತ್ತೆ. ಚೆನ್ನಾಗಿದ್ದಾಳೆ."

"ಅವರು?"

"ಹಾಗೇ ಇದ್ದಾರೆ."

ಆ ಕಡೆ ಯಾರೋ ನೀರು ಕೇಳುತ್ತಿದ್ದರು. ಮಾದಪ್ಪನ ಪದ ದೂರದಲ್ಲಿ ಹೋಗುತ್ತಿತ್ತು.

"ಮತ್ಯಾಕೆ ಮಾಡ್ದೆ? ಯೋಳವ್ವ, ಗುಂಪು ಒರಡ್ತಾ ಅದೆ."

"ಅತ್ತೆ, ಕನ್ನಡಕ ತಗೊಂಡು ಹೋಗಿದ್ದೀರಾ?"

"ಕೊಳ್ಳಲ್ಲೇ ಅದೆ. ಯಾಕೆ?"

"ಗುಂಪು ಮುಂದೆ ಹೋಗಲಿ ಬಿಡಿ. ಶಿವರತ್ನಮ್ಮನವರನ್ನ ಪಕ್ಕದಲ್ಲೇ ಇಟ್ಟುಕೊಂಡು, ನೆರಳಲ್ಲಿ ಸರಿಯಾಗಿ ಕೂತ್ಕೊಳ್ಳಿ ಅತ್ತೆ. ಕೂತ್ರಾ? ನಿಮಗೆ ಒಂದು ಕಾಗದ ಬಂದಿದೆ."